ಕಾರಿನ ಆಂಪ್ ಕುಂಯ್ ಅನ್ನುತ್ತಿದೆಯಾ? ಬಾಡಿ ಅರ್ಥ್ ಸರಿಮಾಡುವ ಬಗೆ

ಕಾರಿಗೆ ಆಂಪ್ಲಿಫೈಯರ್ ಹಾಕಿಸಿ ಖುಷಿಯಾಗಿ ಮನೆಗೆ ಹೊರಟಿರುತ್ತೀರಿ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಸ್ಪೀಕರಿನಿಂದ ಸಣ್ಣಗೆ ಕುಂಯ್ ಅನ್ನುವ ಸದ್ದು ಕೇಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅದೂ ಜೊತೆಗೇ ಮೇಲೇರುತ್ತದೆ. ಅಂಗಡಿಗೆ ವಾಪಸ್ ಹೋದರೆ ಸಿಗುವ ಮೊದಲ ಉತ್ತರ 'ಫಿಲ್ಟರ್ ಹಾಕೋಣ ಸಾರ್'. ದುಡ್ಡು ಕೊಡುವ ಮುಂಚೆ ಸ್ವಲ್ಪ ನಿಲ್ಲಿ. ಹೆಚ್ಚಿನ ಕಾರುಗಳಲ್ಲಿ ತಪ್ಪು ಇರುವುದು ಆಂಪಿನ ಕಪ್ಪು ವೈರ್ ಬಾಡಿಗೆ ಸೇರುವ ಆ ಚಿಕ್ಕ ಜಾಗದಲ್ಲಿ, ಅಂದರೆ ಅರ್ಥ್‌ನಲ್ಲಿ. ಅಲ್ಲಿ ಪೇಂಟ್ ಹೋಗಿರುವುದಿಲ್ಲ, ಇಲ್ಲವೇ ಬೋಲ್ಟ್ ಬಿಗಿಯಾಗಿರುವುದಿಲ್ಲ. ಅದನ್ನು ಸರಿ ಮಾಡಲು ಬೇಕಾಗುವುದು ಒಂದು ಮಲ್ಟಿಮೀಟರ್, ಎಮೆರಿ ಪೇಪರ್, ಸ್ಪ್ಯಾನರ್, ಮತ್ತೆ ಒಂದು ಭಾನುವಾರದ ಬೆಳಿಗ್ಗೆ.

ಸದ್ದು ಹುಟ್ಟುವುದು ಹೀಗೆ

ಕಾರಿನಲ್ಲಿ ಪ್ರತಿ ಸಾಮಾನಿಗೂ ಬ್ಯಾಟರಿಯಿಂದ ಎರಡೆರಡು ವೈರ್ ಎಳೆಯುವುದಿಲ್ಲ. ಪ್ಲಸ್ ಮಾತ್ರ ವೈರಿನಲ್ಲಿ ಬರುತ್ತದೆ, ಕರೆಂಟ್ ವಾಪಸ್ ಹೋಗುವುದು ಬಾಡಿಯ ಉಕ್ಕಿನ ಮೂಲಕ. ಬ್ಯಾಟರಿಯ ಮೈನಸ್ಸನ್ನು ಬಾಡಿಗೂ ಎಂಜಿನ್ನಿಗೂ ದಪ್ಪ ಕೇಬಲ್ಲಿನಿಂದ ಸೇರಿಸಿರುತ್ತಾರೆ. ಹೆಡ್‌ಲೈಟ್, ವೈಪರ್, ಹಾರ್ನ್, ಪೆಟ್ರೋಲ್ ಪಂಪ್ ಎಲ್ಲದರ ಕರೆಂಟೂ ಇದೇ ಉಕ್ಕಿನಲ್ಲಿ ಓಡುತ್ತಿರುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡಿನ ಹಿಂದಿನ ಬಾಡಿಗೂ ಡಿಕ್ಕಿಯ ಬಾಡಿಗೂ ಕೆಲವು ಮಿಲಿವೋಲ್ಟಿನ ವ್ಯತ್ಯಾಸ ಯಾವಾಗಲೂ ಇರುತ್ತದೆ. ಇಷ್ಟು ಇದ್ದರೆ ತೊಂದರೆ ಇಲ್ಲ.

ಈಗ ನಮ್ಮ ಸೆಟಪ್ ನೋಡಿ. ಸ್ಟೀರಿಯೋ ಮುಂದೆ ಅರ್ಥ್ ಆಗಿದೆ, ಆಂಪ್ ಹಿಂದೆ ಅರ್ಥ್ ಆಗಿದೆ, ಎರಡರ ನಡುವೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ವೈರ್ ಇದೆ. ಆ ವೈರಿನ ಹೊರಗಿನ ಜಾಲರಿ ಸ್ಟೀರಿಯೋದ ಅರ್ಥ್‌ಗೆ ಸೇರಿರುತ್ತದೆ. ಆಂಪಿನ ಅರ್ಥ್ ಕೆಟ್ಟಿದ್ದರೆ ಎರಡು ಕಡೆಯ ವ್ಯತ್ಯಾಸ ಹೆಚ್ಚುತ್ತದೆ. ಸ್ವಲ್ಪ ಕರೆಂಟ್ ಈ ಜಾಲರಿಯ ದಾರಿ ಹಿಡಿಯುತ್ತದೆ. ಆ ವ್ಯತ್ಯಾಸ ಹಾಡಿನ ಸಿಗ್ನಲ್ ಜೊತೆ ಸೇರಿ ಆಂಪಿಗೆ ಹೋಗುತ್ತದೆ. ಆಂಪಿಗೆ ಹಾಡು ಯಾವುದು, ಗಲೀಜು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ಇದೇ ಗ್ರೌಂಡ್ ಲೂಪ್.

ಸದ್ದು ಎಂಜಿನ್ ಜೊತೆ ಏರುವುದು ಆಲ್ಟರ್ನೇಟರ್ ಕಾರಣಕ್ಕೆ. ಆಲ್ಟರ್ನೇಟರ್ ಮೂರು ಫೇಸಿನ ಎಸಿ ಹುಟ್ಟಿಸಿ ಡಯೋಡುಗಳಿಂದ ಅದನ್ನು ಡಿಸಿ ಮಾಡುತ್ತದೆ. ಆ ಡಿಸಿ ಪೂರ್ತಿ ನಯವಾಗಿರುವುದಿಲ್ಲ, ಮೇಲೆ ಸಣ್ಣ ಅಲೆ ಉಳಿದಿರುತ್ತದೆ. ಸಾಮಾನ್ಯವಾಗಿ ಕಾಣುವ 12 ಪೋಲಿನ ಆಲ್ಟರ್ನೇಟರ್ ಒಂದು ಸುತ್ತು ತಿರುಗಿದರೆ ಇಂಥ 36 ಅಲೆ ಬರುತ್ತವೆ. ಪುಲ್ಲಿಯ ಲೆಕ್ಕದಲ್ಲಿ ಆಲ್ಟರ್ನೇಟರ್ ಎಂಜಿನ್ನಿಗಿಂತ ಎರಡೂವರೆ ಪಟ್ಟು ಜೋರಾಗಿ ತಿರುಗುತ್ತದೆ ಅಂದುಕೊಳ್ಳಿ. 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಅಲೆ ಸುಮಾರು 1200 ಹರ್ಟ್ಸ್, 3000 ಆರ್‌ಪಿಎಂಗೆ 4500 ಹರ್ಟ್ಸ್ ಆಗುತ್ತದೆ. ನಮ್ಮ ಕಿವಿ ತುಂಬಾ ಚುರುಕಾಗಿರುವುದು ಕೂಡ ಇದೇ ಆಸುಪಾಸಿನಲ್ಲಿ. ಹಾಗಾಗಿಯೇ ಅಷ್ಟು ಸಣ್ಣ ಸದ್ದೂ ಅಷ್ಟೊಂದು ಕಿರಿಕಿರಿ ಮಾಡುವುದು.

ಬಿಚ್ಚುವ ಮುಂಚೆ ಕೇಳಿ

ಎಲ್ಲಾ ಸದ್ದಿಗೂ ಅರ್ಥ್ ಕಾರಣ ಅಲ್ಲ. ಎಂಜಿನ್ ಆಫ್ ಇದ್ದಾಗಲೂ ಒಂದೇ ಸಮನೆ ಸ್‌ಸ್‌ಸ್ ಅಂತ ಬರುತ್ತಿದ್ದರೆ ಆಂಪಿನ ಗೇನ್ (ಒಳಗೆ ಬಂದ ಸಿಗ್ನಲ್ಲನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕು ಅನ್ನುವ ಗುಂಡಿ) ಜಾಸ್ತಿ ಇಟ್ಟಿದ್ದಾರೆ ಅಂತ ಅರ್ಥ. ಇದನ್ನು ಮೊದಲು ನೋಡಿಬಿಡಿ, ಯಾಕೆಂದರೆ ಖರ್ಚಿಲ್ಲದ ರಿಪೇರಿ. 4 ಓಮ್ ಸ್ಪೀಕರಿಗೆ 100 ವ್ಯಾಟ್ ಕೊಡಲು ಆಂಪ್ 20 ವೋಲ್ಟ್ ಹೊರಡಿಸಬೇಕು. ಗೇನ್ ಗುಂಡಿಯನ್ನು 0.2 ವೋಲ್ಟ್ ತುದಿಗೆ ತಿರುಗಿಸಿದ್ದರೆ ಅದು ಒಳಗೆ ಬಂದಿದ್ದನ್ನು 100 ಪಟ್ಟು ಮಾಡುತ್ತಿದೆ. 5 ಮಿಲಿವೋಲ್ಟ್ ಗಲೀಜು ಬಂದರೆ ಸ್ಪೀಕರಿನಲ್ಲಿ ಅರ್ಧ ವೋಲ್ಟ್! ಸ್ಟೀರಿಯೋ 2 ವೋಲ್ಟ್ ಕೊಡುವಂಥದ್ದಾದರೆ ಗೇನ್ ಅನ್ನೂ 2 ವೋಲ್ಟ್ ಹತ್ತಿರ ಇಡಿ. ಆಗ 10 ಪಟ್ಟು ಮಾತ್ರ, ಗಲೀಜು 50 ಮಿಲಿವೋಲ್ಟಿಗೆ ಇಳಿಯುತ್ತದೆ. ಗೇನ್ ಗುಂಡಿ ವಾಲ್ಯೂಮ್ ಅಲ್ಲ ಅನ್ನುವುದನ್ನು ಹಾಕಿಕೊಡುವವರೇ ಎಷ್ಟೋ ಸಲ ಮರೆತಿರುತ್ತಾರೆ.

ಇಂಡಿಕೇಟರ್ ಹಾಕಿದಾಗ ಟಿಕ್ ಟಿಕ್, ವೈಪರ್ ಹಾಕಿದಾಗ ಗರ್ ಅಂತ ಬಂದರೆ ಆ ಸಾಮಾನುಗಳ ಅರ್ಥ್ ಪಾಯಿಂಟನ್ನೇ ನಿಮ್ಮ ಸ್ಟೀರಿಯೋ ಅಥವಾ ಆಂಪ್ ಹಂಚಿಕೊಂಡಿರಬಹುದು. ಬಾಸ್ ಬಿದ್ದಾಗ ಹೆಡ್‌ಲೈಟ್ ಮಂಕಾಗಿ ಆಂಪ್ ಕಟ್ ಆಗಿ ಮತ್ತೆ ಆನ್ ಆಗುತ್ತಿದ್ದರೆ, ಎಲ್ಲೋ ವೋಲ್ಟೇಜ್ ಸೋರುತ್ತಿದೆ. ಅರ್ಥ್ ಮೇಲೆ ಮೊದಲ ಅನುಮಾನ ಪಡಿ. ಎಂಜಿನ್ ಜೊತೆ ಏರುವ ಕುಂಯ್ ಆದರೆ ಕೆಳಗಿನ ಪರೀಕ್ಷೆ ಮಾಡಿ.

ಕಾರನ್ನು ಬಯಲಿನಲ್ಲಿ ನಿಲ್ಲಿಸಿಕೊಳ್ಳಿ. ಎಂಜಿನ್ ಓಡುತ್ತಿರಬೇಕಾದ್ದರಿಂದ ಮುಚ್ಚಿದ ಗ್ಯಾರೇಜ್ ಬೇಡವೇ ಬೇಡ, ಹೊಗೆ ಜೀವಕ್ಕೆ ಅಪಾಯ. ಆಂಪ್ ಆಫ್ ಮಾಡಿ ಆರ್‌ಸಿಎ ಪಿನ್ನುಗಳನ್ನು ಆಂಪಿನಿಂದ ಕಿತ್ತು, ಒಳಗಿನ ಮುಳ್ಳು ಮತ್ತು ಹೊರಗಿನ ಬಳೆ ಎರಡನ್ನೂ ವೈರಿನಿಂದ ಸೇರಿಸಿದ ಹಳೆಯ ಪಿನ್ನುಗಳನ್ನು ಅಲ್ಲಿ ಚುಚ್ಚಿ. ಮತ್ತೆ ಎಲ್ಲಾ ಆನ್ ಮಾಡಿ. ಆಗಲೂ ಕುಂಯ್ ಬಂದರೆ ಗಲೀಜು ಆಂಪಿನ ಒಳಗೆ ಹುಟ್ಟುತ್ತಿದೆ, ಇಲ್ಲವೇ ಪವರ್ ವೈರ್ ಜೊತೆ ಓಡುತ್ತಿರುವ ಸ್ಪೀಕರ್ ವೈರಿಗೆ ಅಂಟುತ್ತಿದೆ. ಸದ್ದು ನಿಂತುಹೋದರೆ ಅದು ಆರ್‌ಸಿಎ ಕಡೆಯಿಂದ ಬರುತ್ತಿತ್ತು. ಇಲ್ಲೇ ಬಹಳ ಜನ 'ಹಾಗಾದರೆ ಆಂಪಿನ ಅರ್ಥ್ ಸರಿ ಇದೆ' ಅಂತ ತೀರ್ಮಾನ ಮಾಡುತ್ತಾರೆ. ಆ ತೀರ್ಮಾನ ಸರಿಯಲ್ಲ. ಆಂಪಿನ ಅರ್ಥ್ ಕೆಟ್ಟಿದ್ದರೂ ಲೂಪ್ ಪೂರ್ತಿಯಾಗುವುದು ಆರ್‌ಸಿಎ ಚುಚ್ಚಿದಾಗಲೇ.

ಮುಂದಿನ ಹೆಜ್ಜೆಗೆ ಮೊಬೈಲ್ ಸಾಕು. ಚಾರ್ಜರ್ ಕಿತ್ತ ಮೊಬೈಲನ್ನು ಡಿಕ್ಕಿಗೇ ತಂದು, ಚಿಕ್ಕ ಆರ್‌ಸಿಎ ವೈರಿನಲ್ಲಿ ನೇರ ಆಂಪಿಗೆ ಕೊಟ್ಟು ಹಾಡು ಹಾಕಿ. ಸ್ವಚ್ಛವಾಗಿ ಬಂತಾ? ಆಂಪ್ ಚೆನ್ನಾಗಿದೆ. ಈಗ ಕಾರಿನಲ್ಲಿ ಎಳೆದಿರುವ ಉದ್ದದ ಆರ್‌ಸಿಎಯನ್ನು ಆಂಪಿಗೆ ಚುಚ್ಚಿ, ಮುಂದಿನ ತುದಿಯನ್ನು ಸ್ಟೀರಿಯೋದಿಂದ ಕಿತ್ತು ಮೊಬೈಲಿಗೆ ಕೊಡಿ. ಸದ್ದು ವಾಪಸ್ ಬಂದರೆ ವೈರ್ ಹಾಳಾಗಿದೆ ಅಥವಾ ಪವರ್ ವೈರಿನ ಪಕ್ಕದಲ್ಲೇ ಓಡುತ್ತಿದೆ. ಸದ್ದು ಬರದಿದ್ದರೆ ವೈರಿನ ತಪ್ಪಿಲ್ಲ, ಎರಡು ಅರ್ಥ್‌ಗಳ ವ್ಯತ್ಯಾಸವೋ ಸ್ಟೀರಿಯೋವೋ ಕಾರಣ. ಇಷ್ಟಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸಾಮಾನು ಕೊಳ್ಳುವಾಗ

ಅರ್ಥ್ ವೈರ್ ಕನಿಷ್ಠ ಪವರ್ ವೈರಿನಷ್ಟೇ ದಪ್ಪ ಇರಬೇಕು. ಒಳಗೆ ಹೋದ ಕರೆಂಟೆಲ್ಲಾ ವಾಪಸ್ ಬರಬೇಕಲ್ವಾ. ಮುಂದಿನಿಂದ ದಪ್ಪ ಕೆಂಪು ವೈರ್ ಎಳೆದು, ಹಿಂದೆ ತೆಳು ಕಪ್ಪು ವೈರ್ ಕಟ್ಟಿರುವುದನ್ನು ಈಗಲೂ ನೋಡುತ್ತೇವೆ.

ಎಷ್ಟು ದಪ್ಪ? ಆಂಪಿನ ಮೇಲಿರುವ ಫ್ಯೂಸುಗಳನ್ನು ಕೂಡಿ. 30 ಆಂಪಿಯರಿನ ಎರಡು ಇದ್ದರೆ 60 ಆಂಪಿಯರ್. ಡಬ್ಬದ ಮೇಲೆ ಬರೆದಿರುವ 3000 ವ್ಯಾಟ್ ನಂಬಬೇಡಿ, ಫ್ಯೂಸ್ ಸುಳ್ಳು ಹೇಳುವುದಿಲ್ಲ. ಒಳ್ಳೆಯ ತಾಮ್ರವಾದರೆ, ಮುಂದಿನಿಂದ ಡಿಕ್ಕಿಗೆ 5 ಮೀಟರ್ ಓಟಕ್ಕೆ 25 ಆಂಪಿಯರಿಗೆ 10 ಚದರ ಮಿ.ಮೀ., 40ಕ್ಕೆ 16, 60ಕ್ಕೆ 25, 85ಕ್ಕೆ 35 ಚದರ ಮಿ.ಮೀ. ಹಾಕಿ. ಹೀಗೆ ಹಾಕಿದರೆ ಪೂರ್ತಿ ಲೋಡಿನಲ್ಲೂ ಪವರ್ ವೈರಿನಲ್ಲಿ ಕಳೆದುಹೋಗುವುದು ಕಾಲು ವೋಲ್ಟಿನ ಆಸುಪಾಸು. ಗೇಜ್ ಲೆಕ್ಕದಲ್ಲಿ ಕೊಳ್ಳುವವರಿಗೆ: 8 ಗೇಜ್ ಅಂದರೆ ಸುಮಾರು 8.4 ಚದರ ಮಿ.ಮೀ., 4 ಗೇಜ್ ಅಂದರೆ ಸುಮಾರು 21.

ಕಿಟ್ ರೂಪದಲ್ಲಿ ಅಗ್ಗಕ್ಕೆ ಸಿಗುವ ವೈರುಗಳಲ್ಲಿ ಬಹಳಷ್ಟು ಸಿಸಿಎ. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯುಮಿನಿಯಂ. ಅದರ ರೆಸಿಸ್ಟೆನ್ಸ್ ತಾಮ್ರಕ್ಕಿಂತ ಒಂದೂವರೆ ಪಟ್ಟು ಹೆಚ್ಚು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಸಿಸಿಎ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ಅದು ತವರ ಬಳಿದ ತಾಮ್ರ, ಕರಾವಳಿಯವರು ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು. ಕಾರ್ ಆಡಿಯೋ ಹೆಸರಿನ ವೈರೇ ಆಗಬೇಕು ಅಂತೇನಿಲ್ಲ. ಹಾರ್ಡ್‌ವೇರ್ ಅಂಗಡಿಯ ತಾಮ್ರದ ವೆಲ್ಡಿಂಗ್ ಕೇಬಲ್ ಅರ್ಥ್‌ಗೆ ಹೇಳಿ ಮಾಡಿಸಿದ ಹಾಗಿರುತ್ತದೆ: ಸಣ್ಣ ಸಣ್ಣ ಎಳೆ, ಚೆನ್ನಾಗಿ ಬಾಗುತ್ತದೆ. ಬೆಂಗಳೂರಿನವರಿಗೆ ಎಸ್‌ಪಿ ರೋಡ್, ಜೆಸಿ ರೋಡ್ ಎರಡು ಕಡೆ ಸುತ್ತಿದರೆ ಎಲ್ಲವೂ ಸಿಗುತ್ತದೆ.

ವೈರಿನ ತುದಿಗೆ ತಾಮ್ರದ ಥಿಂಬಲ್, ಅಂದರೆ ಬೋಲ್ಟ್ ತೂರಿಸಲು ತೂತಿರುವ ಲಗ್ ಬೇಕು. 25 ಚದರ ಮಿ.ಮೀ. ವೈರಿಗೆ 8 ಮಿ.ಮೀ. ತೂತಿನದು ಕೇಳಿ. ಅದನ್ನು ಇಕ್ಕಳದಲ್ಲಿ ಒತ್ತುವುದು, ಸುತ್ತಿಗೆಯಲ್ಲಿ ಜಜ್ಜುವುದು ಬೇಡ. ಅಂಗಡಿಯವರ ಹತ್ತಿರ ಹೈಡ್ರಾಲಿಕ್ ಕ್ರಿಂಪರ್ ಇರುತ್ತದೆ, ಅಲ್ಲೇ ಒತ್ತಿಸಿಕೊಳ್ಳಿ. ಜೊತೆಗೆ ಎಂ8 ಬೋಲ್ಟ್, ನಟ್, ದೊಡ್ಡ ಫ್ಲಾಟ್ ವಾಷರ್, ಹಲ್ಲಿರುವ ಸ್ಟಾರ್ ವಾಷರ್, ಹೀಟ್ ಶ್ರಿಂಕ್ ಸ್ಲೀವ್.

ಜಾಗ ಹುಡುಕುವುದು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದದ್ದು ಇಲ್ಲಿಯೇ. ಆಂಪಿನಿಂದ 45 ಸೆಂಟಿಮೀಟರ್ ಒಳಗೆ ಸಿಗುವ, ಕಾರಿನ ಮುಖ್ಯ ಬಾಡಿಗೆ ವೆಲ್ಡ್ ಆಗಿರುವ ಗಟ್ಟಿ ಉಕ್ಕು ಬೇಕು. ಡಿಕ್ಕಿಯ ಎರಡು ಪಕ್ಕದಲ್ಲಿ, ಹಿಂದಿನ ಸಸ್ಪೆನ್ಶನ್ ಮೇಲೆ ಬರುವ ಭಾಗ ಒಳ್ಳೆಯದು. ಅಲ್ಲಿ ತಗಡು ದಪ್ಪ ಇರುತ್ತದೆ, ಬಾಡಿಯ ಉಳಿದ ಭಾಗಕ್ಕೆ ಚೆನ್ನಾಗಿ ಸೇರಿರುತ್ತದೆ. ಬೋಲ್ಟಿನಿಂದ ಮಾತ್ರ ನಿಂತಿರುವ ಸೀಟಿನ ಫ್ರೇಮ್, ಬ್ರ್ಯಾಕೆಟ್, ಡಿಕ್ಕಿಯ ಬಾಗಿಲು ಇವೆಲ್ಲ ಬೇಡ. ಬಾಗಿಲಿನ ಕೀಲಿನ ಮೂಲಕ 60 ಆಂಪಿಯರ್ ಹೋಗುವುದಿಲ್ಲ.

ಸೀಟ್ ಬೆಲ್ಟಿನ ಬೋಲ್ಟ್ ನೋಡಲು ಆಸೆ ಹುಟ್ಟಿಸುತ್ತದೆ: ದಪ್ಪ, ಬಿಗಿ, ಕೈಗೆ ಸಿಗುವಂಥದ್ದು. ಅದನ್ನು ಮುಟ್ಟಬೇಡಿ. ಕಂಪನಿ ಅದನ್ನು ಲೆಕ್ಕ ಹಾಕಿ ಬಿಗಿ ಮಾಡಿರುತ್ತದೆ, ಅಪಘಾತದಲ್ಲಿ ನಿಮ್ಮ ಭಾರ ತಡೆಯುವುದು ಅದೇ. ಕೆಳಗೆ ಥಿಂಬಲ್ ತುರುಕಿದರೆ ಬೋಲ್ಟ್ ಸರಿಯಾಗಿ ಕೂರುವುದಿಲ್ಲ. ಎಷ್ಟೋ ಕಾರುಗಳಲ್ಲಿ ಅದರ ಥ್ರೆಡ್ಡಿಗೆ ಅಂಟು ಹಚ್ಚಿರುತ್ತಾರೆ, ಸುತ್ತ ಪೇಂಟ್ ಇರುತ್ತದೆ, ಹಾಗಾಗಿ ಅರ್ಥ್ ಕೂಡ ಚೆನ್ನಾಗಿ ಸಿಗುವುದಿಲ್ಲ. ಸೀಟಿನ ಬೋಲ್ಟಿನದೂ ಇದೇ ಕಥೆ.

ಕಂಪನಿಯೇ ಕೊಟ್ಟಿರುವ ಅರ್ಥ್ ಬೋಲ್ಟ್ ಡಿಕ್ಕಿಯ ಪ್ಲಾಸ್ಟಿಕ್ ಹಿಂದೆ ಸಿಗಬಹುದು. ಕಪ್ಪು ವೈರುಗಳು ಬಂದು ಸೇರಿರುತ್ತವೆ. ಚಿಕ್ಕ ಆಂಪಿಗೆ ಸಾಕಾಗಬಹುದು. ಆದರೆ ಹಿಂದಿನ ಲೈಟು, ಪೆಟ್ರೋಲ್ ಪಂಪ್ ಅಲ್ಲೇ ಸೇರಿದ್ದರೆ ಅವುಗಳ ಗಲೀಜು ನಿಮಗೆ, ನಿಮ್ಮ ಬಾಸಿನ ಏಟು ಅವುಗಳಿಗೆ. ನಾನಂತೂ ಬೇರೆ ಜಾಗವನ್ನೇ ಹುಡುಕುತ್ತೇನೆ.

ತೂತು ಕೊರೆಯಲೇಬೇಕಾದರೆ ಮೊದಲು ಕಾರಿನ ಕೆಳಗೆ ಇಣುಕಿ. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಅಡಿಯಲ್ಲೇ ಇರುತ್ತದೆ. ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ನೆಲದ ಕೆಳಗೆ ಓಡುತ್ತವೆ. ಸಿಎನ್‌ಜಿ ಕಾರಾದರೆ ಇನ್ನೂ ಹುಷಾರು. ಕೆಲವದರಲ್ಲಿ ಸಿಲಿಂಡರ್ ಡಿಕ್ಕಿಯ ಒಳಗೆ ಕಾಣುವ ಹಾಗಿದ್ದರೆ, ಟಾಟಾದ ಅವಳಿ ಸಿಲಿಂಡರ್ ಕಾರುಗಳಲ್ಲಿ ಡಿಕ್ಕಿಯ ಹಲಗೆಯ ಅಡಿಯಲ್ಲಿ ಅಡಗಿರುತ್ತವೆ. ಗ್ಯಾಸಿನ ಪೈಪ್ ಮುಂದಿನವರೆಗೂ ಹೋಗುತ್ತದೆ. ಸಿಎನ್‌ಜಿ ಕಾರಿನ ಡಿಕ್ಕಿಯ ನೆಲಕ್ಕೆ ಡ್ರಿಲ್ ಹಾಕುವ ಯೋಚನೆಯನ್ನೇ ಬಿಡಿ, ಪಕ್ಕದ ಗೋಡೆಯಲ್ಲಿ ಈಗಾಗಲೇ ಇರುವ ಬೋಲ್ಟ್ ಹುಡುಕಿ. ಇವಿ ಇದ್ದರೆ ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈ ಹಾಕಬೇಡಿ, ಅದು ನೂರಾರು ವೋಲ್ಟಿನ ಲೈನು.

ಹಾಕುವ ಕ್ರಮ

ಕೀ ತೆಗೆದು, 10ರ ಸ್ಪ್ಯಾನರಿನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿ. ಗಡಿಯಾರ, ರೇಡಿಯೋ ಸ್ಟೇಷನ್ನುಗಳು ಅಳಿಸಿಹೋಗುತ್ತವೆ, ಕೆಲವು ಕಾರಿನಲ್ಲಿ ಗ್ಲಾಸಿನ ಆಟೋ ಸ್ವಿಚ್ ಮತ್ತೆ ಕಲಿಸಬೇಕಾಗುತ್ತದೆ. ಆರ್‌ಸಿಎ ಪಿನ್ನುಗಳನ್ನೂ ಆಂಪಿನಿಂದ ಕಿತ್ತಿಡಿ. ಇದನ್ನು ಮರೆಯಬಾರದು, ಕಾರಣ ಮುಂದೆ ಬರುತ್ತದೆ.

ಥಿಂಬಲ್ ಕೂರುವ ಜಾಗವನ್ನು ಅದಕ್ಕಿಂತ ಸ್ವಲ್ಪ ಅಗಲವಾಗಿ ಗುರುತು ಮಾಡಿ. ಎಮೆರಿ ಪೇಪರಿನಿಂದಲೋ ಡ್ರಿಲ್ಲಿಗೆ ಹಾಕುವ ವೈರ್ ಬ್ರಷ್‌ನಿಂದಲೋ ಉಜ್ಜಿ. ಮೇಲಿನ ಬಣ್ಣ ಹೋದ ಮೇಲೆ ಕೆಳಗೆ ಬೂದು ಪ್ರೈಮರ್ ಸಿಗುತ್ತದೆ. ಅದನ್ನು ನೋಡಿ ಲೋಹ ಬಂತು ಅಂತ ನಿಲ್ಲಿಸಿಬಿಡುತ್ತಾರೆ. ಪ್ರೈಮರಿನಲ್ಲಿ ಕರೆಂಟ್ ಹೋಗುವುದಿಲ್ಲ. ಹೊಳೆಯುವ ಉಕ್ಕು ಕಾಣುವವರೆಗೆ ಉಜ್ಜಿ. ಆದರೆ ತಗಡನ್ನೇ ತೆಳು ಮಾಡಬೇಡಿ. ಉದುರಿದ ಪುಡಿಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ, ಅದು ಬಿದ್ದಲ್ಲಿ ತುಕ್ಕು ಹಿಡಿಯುತ್ತದೆ.

ಥಿಂಬಲ್ ಚಪ್ಪಟೆಯಾಗಿ ನೇರ ಉಕ್ಕಿನ ಮೇಲೆ ಕೂರಬೇಕು. ಅದರ ಮೇಲೆ ಸ್ಟಾರ್ ವಾಷರ್, ಆಮೇಲೆ ಬೋಲ್ಟ್. ಇನ್ನೊಂದು ಬದಿಯಲ್ಲಿ ಫ್ಲಾಟ್ ವಾಷರ್ ಮತ್ತು ನಟ್. ಸ್ಟಾರ್ ವಾಷರನ್ನು ಥಿಂಬಲಿನ ಕೆಳಗೆ ಹಾಕುವವರೂ ಇದ್ದಾರೆ. ಚೆನ್ನಾಗಿ ಉಜ್ಜಿದ ಜಾಗಕ್ಕೆ ಅದು ಬೇಕಾಗಿಲ್ಲ, ಅಗಲವಾಗಿ ತಾಗುವುದೇ ಮುಖ್ಯ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಹೊಡೆದು ಎರಡು ನಿಮಿಷದಲ್ಲಿ ಮುಗಿಸುವ ಪದ್ಧತಿ ಇದೆ. ಒಂದು ಮಿ.ಮೀ.ಗಿಂತ ತೆಳು ತಗಡಿನಲ್ಲಿ ಅದರ ಒಂದೋ ಎರಡೋ ಥ್ರೆಡ್ ಮಾತ್ರ ಹಿಡಿದಿರುತ್ತದೆ. ನಮ್ಮ ರಸ್ತೆಯ ಹಂಪುಗಳಿಗೆ ಅದು ಎಷ್ಟು ದಿನ ಬಿಗಿ ಇದ್ದೀತು?

ಬಿಗಿ ಮಾಡಿದ ಮೇಲೆ ಥಿಂಬಲ್ ಕೈಯಲ್ಲಿ ಅಲ್ಲಾಡಬಾರದು. ಈಗ ಸುತ್ತ ಕಾಣುವ ಬರಿ ಉಕ್ಕಿಗೆ ಪೇಂಟೋ ಗ್ರೀಸೋ ಬಳಿಯಿರಿ, ಕಾರಿನ ಕೆಳಗಿನ ಬದಿಗೂ ಬಳಿಯಿರಿ. ಬಳಿಯುವುದು ಬಿಗಿ ಮಾಡಿದ ಮೇಲೆಯೇ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಉಪ್ಪು ಗಾಳಿಯಲ್ಲಿ ಓಡುವ ಕಾರಿಗಾದರೆ ಇದನ್ನು ಬಿಟ್ಟರೆ ಒಂದೇ ಮಳೆಗಾಲ ಸಾಕು, ಬೋಲ್ಟಿನ ಸುತ್ತ ಕೆಂಪು ಬಳೆ ಏಳುತ್ತದೆ.

ಆಂಪಿನ ಹೊರಕವಚವನ್ನು ಬಾಡಿಗೆ ನೇರ ಸ್ಕ್ರೂ ಮಾಡಬೇಡಿ. ಪ್ಲೈವುಡ್ ಹಲಗೆಯ ಮೇಲೆ ಕೂರಿಸಿ. ಕೆಲವು ಆಂಪುಗಳ ಕವಚ ಒಳಗೇ ಅರ್ಥ್‌ಗೆ ಸೇರಿರುತ್ತದೆ, ಸ್ಕ್ರೂ ಮೂಲಕ ಎರಡನೇ ದಾರಿ ತೆರೆದುಕೊಳ್ಳುತ್ತದೆ. ಆಂಪ್ ಎರಡಿದ್ದರೆ ಎರಡರ ಅರ್ಥ್ ವೈರನ್ನೂ ಒಂದು ಡಿಸ್ಟ್ರಿಬ್ಯೂಷನ್ ಬ್ಲಾಕಿಗೆ ತಂದು, ಅಲ್ಲಿಂದ ಒಂದೇ ದಪ್ಪ ವೈರ್ ಬಾಡಿಗೆ ಕೊಡಿ. ಆ ಒಂದು ವೈರ್ ಎರಡರ ಕರೆಂಟನ್ನೂ ಹೊರುವಷ್ಟು ದಪ್ಪ ಇರಲಿ.

ಎಲ್ಲಾ ಮುಗಿದ ಮೇಲೆ ಜೋಡಿಸುವ ಕ್ರಮ ಹೀಗೆ: ಮೊದಲು ಆಂಪಿನ ಅರ್ಥ್, ಆಮೇಲೆ ಪ್ಲಸ್, ಆಮೇಲೆ ಆರ್‌ಸಿಎ, ಕೊನೆಗೆ ಬ್ಯಾಟರಿ. ಆರ್‌ಸಿಎ ಚುಚ್ಚಿರುವಾಗ ಆಂಪಿನ ಅರ್ಥ್ ಇಲ್ಲದಿದ್ದರೆ ಆಂಪಿನ ಕರೆಂಟ್ ಆರ್‌ಸಿಎ ಜಾಲರಿಯ ಮೂಲಕ ಸ್ಟೀರಿಯೋಗೆ ನುಗ್ಗಲು ನೋಡುತ್ತದೆ. ಸ್ಟೀರಿಯೋ ಒಳಗಿನ ಕೂದಲೆಳೆಯಂಥ ಫ್ಯೂಸ್ ಅಥವಾ ಬೋರ್ಡಿನ ಗೆರೆ ಆಗ ಸುಟ್ಟುಹೋಗುತ್ತದೆ. ಸ್ಟೀರಿಯೋ ಹಾಡುತ್ತಲೇ ಇರುತ್ತದೆ, ಆದರೆ ಅವತ್ತಿನಿಂದ ಕುಂಯ್ ಶುರು. ಪ್ಲಸ್ ವೈರಿಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇದೆಯಾ ಅಂತ ಇದೇ ಹೊತ್ತಿನಲ್ಲಿ ನೋಡಿ. ಸದ್ದಿಗೂ ಅದಕ್ಕೂ ಸಂಬಂಧ ಇಲ್ಲ, ಬೆಂಕಿಗೆ ಇದೆ.

ಅಳೆಯುವುದು ಓಮ್ ಅಲ್ಲ, ವೋಲ್ಟ್

ಅರ್ಥ್ ಸರಿ ಇದೆಯಾ ಅಂತ ನೋಡಲು ಮೀಟರನ್ನು ಓಮ್‌ಗೆ ತಿರುಗಿಸಿ, 'ಬೀಪ್ ಬಂತು, ಸರಿ ಇದೆ' ಅನ್ನುವುದು ರೂಢಿ. ಈ ಪರೀಕ್ಷೆ ನಮ್ಮ ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯ ಮೀಟರಿನ ಎರಡು ಪ್ರೋಬ್ ವೈರಿನದೇ 0.2 ಓಮ್ ಇರುತ್ತದೆ. ನಮಗೆ ತೊಂದರೆ ಕೊಡುವ ಜಾಯಿಂಟು 0.05 ಓಮ್ ಇರಬಹುದು. ಮೀಟರಿಗೆ ಅದು ಕಾಣುವುದೇ ಇಲ್ಲ. ಆದರೆ 45 ಆಂಪಿಯರ್ ಹರಿದಾಗ ಅಷ್ಟರಲ್ಲೇ 2.25 ವೋಲ್ಟ್ ಬಿದ್ದುಹೋಗುತ್ತದೆ! 500 ವ್ಯಾಟಿನ ಕ್ಲಾಸ್ ಡಿ ಆಂಪ್ ಪೂರ್ತಿ ಏಟಿಗೆ ಹೆಚ್ಚುಕಡಿಮೆ ಅಷ್ಟು ಎಳೆಯುತ್ತದೆ. ಅದೇ 45 ಸೆಂಟಿಮೀಟರ್ ಉದ್ದದ 25 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಬೀಳುವುದು 16 ಮಿಲಿವೋಲ್ಟ್ ಮಾತ್ರ. ಬೆಲೆಬಾಳುವ ವೈರ್ ಹಾಕಿ ಜಾಯಿಂಟನ್ನು ಕೆಡಿಸಿದರೆ ಏನಾಗುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಹಾಗಾಗಿ ಕರೆಂಟ್ ಹರಿಯುವಾಗ ವೋಲ್ಟ್ ಅಳೆಯಿರಿ. 5 ಮೀಟರ್ ತೆಳು ವೈರಿಗೆ ಒಂದು ಮೊಸಳೆ ಕ್ಲಿಪ್ ಹಾಕಿ ಬ್ಯಾಟರಿಯ ಮೈನಸ್ ಕಂಬಕ್ಕೆ ಕಚ್ಚಿಸಿ, ಇನ್ನೊಂದು ತುದಿಯನ್ನು ಡಿಕ್ಕಿಯವರೆಗೆ ತಂದು ಮೀಟರಿನ ಕಪ್ಪು ಪ್ರೋಬಿಗೆ ಸೇರಿಸಿ. ಮೀಟರನ್ನು ಡಿಸಿ ವೋಲ್ಟಿನ ಚಿಕ್ಕ ರೇಂಜಿಗೆ ಇಡಿ. ಎಂಜಿನ್ ಓಡಲಿ, ಸ್ಟೀರಿಯೋದಲ್ಲಿ 50 ಹರ್ಟ್ಸಿನ ಟೋನ್ ಅಥವಾ ಬಾಸ್ ಜಾಸ್ತಿ ಇರುವ ಹಾಡು ಜೋರಾಗಿ ಹಾಕಿ. ಟೋನ್ ತುಂಬಾ ಹೊತ್ತು ಬೇಡ, ವೂಫರ್ ಕಾಯಿಲ್ ಬಿಸಿಯಾಗುತ್ತದೆ. ಈಗ ಕೆಂಪು ಪ್ರೋಬನ್ನು ಆಂಪಿನ ಅರ್ಥ್ ಟರ್ಮಿನಲ್ ಮೇಲೆ ಒತ್ತಿ. 0.1 ವೋಲ್ಟಿಗಿಂತ ಕಡಿಮೆ ಬಂದರೆ ತುಂಬಾ ಒಳ್ಳೆಯದು. 0.2ರವರೆಗೆ ಪರವಾಗಿಲ್ಲ. ಅರ್ಧ ವೋಲ್ಟ್ ಬಂದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ.

ಎಲ್ಲಿ ಅಂತ ಹುಡುಕುವುದೂ ಸುಲಭ. ಕೆಂಪು ಪ್ರೋಬನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿಸಿ: ಆಂಪಿನ ಟರ್ಮಿನಲ್, ಆಮೇಲೆ ಥಿಂಬಲ್, ಆಮೇಲೆ ಥಿಂಬಲ್ ಪಕ್ಕದ ಉಕ್ಕು (ಬಳಿದ ಪೇಂಟನ್ನು ಪ್ರೋಬಿನ ಮೊನೆಯಿಂದ ಚೂರು ಕೆರೆದು), ಆಮೇಲೆ ಬಾನೆಟ್ ಒಳಗಿನ ಬಾಡಿ, ಕೊನೆಗೆ ಬ್ಯಾಟರಿಯ ಮೈನಸ್ ಕೇಬಲ್ ಬಾಡಿಗೆ ಸೇರುವ ಬೋಲ್ಟ್. ಯಾವ ಎರಡು ಹೆಜ್ಜೆಗಳ ನಡುವೆ ಸಂಖ್ಯೆ ದಡಕ್ಕನೆ ಇಳಿಯುತ್ತದೋ ತಪ್ಪು ಅಲ್ಲೇ ಇದೆ. ಟರ್ಮಿನಲ್ ಮತ್ತು ಥಿಂಬಲ್ ನಡುವೆ ಇಳಿದರೆ ಕ್ರಿಂಪ್ ಅಥವಾ ಟರ್ಮಿನಲ್ ಸ್ಕ್ರೂ. ಥಿಂಬಲ್ ಮತ್ತು ಉಕ್ಕಿನ ನಡುವೆ ಇಳಿದರೆ ಪೇಂಟ್. ಹಿಂದಿನ ಬಾಡಿ ಮತ್ತು ಮುಂದಿನ ಬಾಡಿಯ ನಡುವೆ ಇಳಿದರೆ ನೀವು ಹಿಡಿದ ಭಾಗ ಮುಖ್ಯ ಬಾಡಿಗೆ ಸರಿಯಾಗಿ ಸೇರಿಲ್ಲ, ಜಾಗ ಬದಲಿಸಿ.

ಎಲ್ಲಾ ವ್ಯತ್ಯಾಸ ಕೊನೆಯ ಬೋಲ್ಟಿನಲ್ಲೇ ಕಂಡರೆ ಡಿಕ್ಕಿಯಲ್ಲಿ ಮಾಡಿದ ಯಾವ ಕೆಲಸವೂ ಉಪಯೋಗಕ್ಕೆ ಬರುವುದಿಲ್ಲ. ಹಳೆಯ ಕಾರುಗಳಲ್ಲಿ ಬ್ಯಾಟರಿಯಿಂದ ಬಾಡಿಗೆ ಹೋಗುವ ಕೇಬಲ್, ಎಂಜಿನ್ನಿಂದ ಬಾಡಿಗೆ ಹೋಗುವ ಪಟ್ಟಿ ಎರಡೂ ಹಸಿರುಗಟ್ಟಿರುತ್ತವೆ. ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿ. ದೊಡ್ಡ ಆಂಪ್ ಇದ್ದರೆ ಈ ಎರಡರ ಜೊತೆ ಆಲ್ಟರ್ನೇಟರಿನಿಂದ ಬ್ಯಾಟರಿ ಪ್ಲಸ್‌ಗೆ ಹೋಗುವುದಕ್ಕೂ ಇನ್ನೊಂದು ದಪ್ಪ ವೈರ್ ಸೇರಿಸುತ್ತಾರೆ. ಹೊಸ ಕಾರುಗಳಲ್ಲಿ ಮೈನಸ್ ಕಂಬದ ಮೇಲೆ ಚಿಕ್ಕ ಸೆನ್ಸರ್ ಕೂತಿರಬಹುದು. ಅಂಥ ಕಾರಿನಲ್ಲಿ ಹೊಸ ವೈರನ್ನು ಕಂಬಕ್ಕೆ ನೇರ ಕಟ್ಟಬಾರದು. ಸೆನ್ಸರ್ ದಾಟಿದ ಮೇಲಿನ ಬಾಡಿ ಬೋಲ್ಟಿಗೆ ಕಟ್ಟಿ. ಇಲ್ಲದಿದ್ದರೆ ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಯಿತು ಅನ್ನುವ ಕಾರಿನ ಲೆಕ್ಕ ತಪ್ಪುತ್ತದೆ.

ಇಷ್ಟಾದರೂ ಸದ್ದು ಹೋಗದಿದ್ದರೆ

ಸ್ಟೀರಿಯೋ ಕಡೆ ಹೋಗಿ. ಅದರ ಕಪ್ಪು ವೈರ್ ಕಂಪನಿಯ ಕಪ್ಲರಿನ ಮೂಲಕ ಎಲ್ಲೆಲ್ಲೋ ಸುತ್ತಿ ಅರ್ಥ್ ಆಗಿರುತ್ತದೆ. ಸ್ಟೀರಿಯೋದ ಕವಚದಿಂದ ಡ್ಯಾಶ್‌ಬೋರ್ಡಿನ ಹಿಂದಿನ ಉಕ್ಕಿಗೆ ಒಂದು ವೈರ್ ತಾತ್ಕಾಲಿಕವಾಗಿ ಕೊಟ್ಟು ನೋಡಿ. ಸದ್ದು ಇಳಿದರೆ ಅದನ್ನೇ ಖಾಯಂ ಮಾಡಿ. ಇಳಿಯದಿದ್ದರೆ ಆರ್‌ಸಿಎ ಕಿತ್ತು, ಸ್ಟೀರಿಯೋದ ಆರ್‌ಸಿಎ ಹೊರಬಳೆಗೂ ಕವಚಕ್ಕೂ ನಡುವೆ ಓಮ್ ನೋಡಿ. ಇಲ್ಲಿ ಓಮ್ ಪರೀಕ್ಷೆ ಸಾಕು. ಸಾಮಾನ್ಯವಾಗಿ ಸೊನ್ನೆಯ ಹತ್ತಿರ ಬರಬೇಕು. ಸೊನ್ನೆ ಬಾರದೆ ಮೀಟರ್ ದಾರಿಯೇ ಇಲ್ಲ (OL) ಅಂತ ತೋರಿಸಿದರೆ ಮೇಲೆ ಹೇಳಿದ ಒಳಗಿನ ಫ್ಯೂಸ್ ಹೋಗಿದೆ. ಬಳೆಗೆ ಒಂದು ಬರಿ ವೈರ್ ಸುತ್ತಿ ಕವಚಕ್ಕೆ ತಾಗಿಸಿದಾಗ ಸದ್ದು ಮಾಯವಾದರೆ ಅನುಮಾನ ಖಚಿತ. ರಿಪೇರಿಯವರ ಹತ್ತಿರ ಒಳಗಿನಿಂದಲೇ ಸರಿ ಮಾಡಿಸುವುದು ಉತ್ತಮ.

ಪವರ್ ವೈರ್ ಕಾರಿನ ಒಂದು ಪಕ್ಕ, ಆರ್‌ಸಿಎ ಇನ್ನೊಂದು ಪಕ್ಕ ಓಡಬೇಕು. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ, ಜೊತೆಜೊತೆಗೆ ಸಾಗಬಾರದು. ಇದು ಎಲ್ಲರಿಗೂ ಗೊತ್ತಿರುವುದೇ. ಆದರೂ ಕಾರ್ಪೆಟ್ ಎರಡು ಸಲ ಎತ್ತಲು ಬೇಜಾರಾಗಿ ಎರಡನ್ನೂ ಒಟ್ಟಿಗೇ ಎಳೆದಿರುವ ಕಾರುಗಳಿಗೆ ಲೆಕ್ಕವಿಲ್ಲ.

ಕಂಪನಿಯ ಸ್ಟೀರಿಯೋ ಉಳಿಸಿಕೊಂಡು ಸ್ಪೀಕರ್ ವೈರಿನಿಂದ ಸಿಗ್ನಲ್ ತೆಗೆದವರಿಗೆ ಒಂದು ಮಾತು. ಆ ಸ್ಪೀಕರ್ ವೈರುಗಳ ಮೈನಸ್ ಅರ್ಥ್ ಅಲ್ಲ. ಹೆಚ್ಚಿನ ಸ್ಟೀರಿಯೋಗಳಲ್ಲಿ ಪ್ಲಸ್, ಮೈನಸ್ ಎರಡರ ಮೇಲೂ ಬ್ಯಾಟರಿಯ ಅರ್ಧದಷ್ಟು, ಅಂದರೆ 6-7 ವೋಲ್ಟ್ ನಿಂತಿರುತ್ತದೆ. ಮೈನಸ್ಸನ್ನು ಬಾಡಿಗೆ ಮುಟ್ಟಿಸಿದರೆ ಸ್ಟೀರಿಯೋ ಸುಟ್ಟುಹೋಗಬಹುದು. ಆಂಪಿಗೆ ಸ್ಪೀಕರ್ ವೈರನ್ನೇ ನೇರ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಇದ್ದರೆ ಎರಡೂ ವೈರನ್ನು ಅದಕ್ಕೇ ಕೊಡಿ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಕನ್ವರ್ಟರ್ ಕೊಳ್ಳಿ. ಮೊಬೈಲ್ ಚಾರ್ಜಿಗೆ ಹಾಕಿ ಆಕ್ಸ್ ಚುಚ್ಚಿದಾಗ ಮಾತ್ರ ಸದ್ದು ಬರುವುದಾದರೆ ಆಂಪನ್ನು ಮುಟ್ಟಲೇಬೇಡಿ. ಲೂಪ್ ಇರುವುದು ಚಾರ್ಜರ್ ಮತ್ತು ಆಕ್ಸ್ ನಡುವೆ. ಬ್ಲೂಟೂತಿಗೆ ಬದಲಿಸಿದರೆ ಮುಗಿಯಿತು.

ಅಂಗಡಿಯವರು ಮೊದಲ ದಿನವೇ 'ಫಿಲ್ಟರ್' ಅಂದ ಆ ಗ್ರೌಂಡ್ ಲೂಪ್ ಐಸೊಲೇಟರಿನ ಸರದಿ ಈಗ ಬರಬೇಕು, ಇದಕ್ಕಿಂತ ಮುಂಚೆ ಅಲ್ಲ. ಅದರೊಳಗೆ ಇರುವುದು ಎರಡು ಚಿಕ್ಕ ಟ್ರಾನ್ಸ್‌ಫಾರ್ಮರ್. ಅರ್ಥ್ ದಾರಿಯನ್ನು ಅವು ಕತ್ತರಿಸುತ್ತವೆ, ಸದ್ದು ನಿಲ್ಲುತ್ತದೆ. ಅಗ್ಗದವು ಕೆಳಗಿನ ಬಾಸನ್ನೂ ಕಡಿಮೆ ಮಾಡುತ್ತವೆ, ಹಾಗಾಗಿ ವೂಫರಿನ ಲೈನನ್ನು ಬಿಟ್ಟು ಮುಂದಿನ ಸ್ಪೀಕರುಗಳ ಲೈನಿಗೆ ಮಾತ್ರ ಹಾಕಿ ನೋಡಿ. ಅರ್ಥ್ ಜಾಯಿಂಟ್ ಕೆಟ್ಟೇ ಇದ್ದು ಐಸೊಲೇಟರ್ ಹಾಕಿದರೆ ಸದ್ದು ಹೋದರೂ ಜಾಯಿಂಟ್ ಬಿಸಿಯಾಗುವುದು ನಿಲ್ಲುವುದಿಲ್ಲ.

ಕೊನೆಗೆ ಬಂದ ವೋಲ್ಟ್ ಸಂಖ್ಯೆಯನ್ನು, ಆಗ ವಾಲ್ಯೂಮ್ ಎಷ್ಟಿತ್ತು ಅನ್ನುವುದರ ಜೊತೆ ಒಂದು ಟೇಪಿನ ಮೇಲೆ ಬರೆದು ಆಂಪಿನ ಹಲಗೆಗೆ ಅಂಟಿಸಿ. ಮಳೆಗಾಲ ಮುಗಿದ ಮೇಲೆ ಅದೇ ಹಾಡು, ಅದೇ ವಾಲ್ಯೂಮ್ ಇಟ್ಟು ಮತ್ತೆ ಅಳೆಯಿರಿ. ಸಂಖ್ಯೆ ಏರಿದ್ದರೆ ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿ, ಮತ್ತೆ ಬಳಿಯಿರಿ.